ಹಳೆಯ ಆರ್ಗನ್ ಸ್ಪೀಕರ್‌ನಲ್ಲಿ ಹಮ್: ಬೆಸುಗೆ ಹಾಕುವ ಮೊದಲು ನೋಡಬೇಕಾದ್ದು

ಹಳೆಯ ಆರ್ಗನ್ ಸ್ಪೀಕರ್‌ನಲ್ಲಿ ಗುಂಯ್ ಅಂತ ಹಮ್ ಬಂದ ತಕ್ಷಣ ಬಹಳಷ್ಟು ಮೆಕ್ಯಾನಿಕ್‌ಗಳು ಮಾಡುವ ಕೆಲಸ ಒಂದೇ. ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕಂಡೆನ್ಸರ್ ಕಿತ್ತು ಹೊಸದು ಹಾಕುತ್ತಾರೆ. ಕೆಲವೊಮ್ಮೆ ಹಮ್ ಹೋಗುತ್ತದೆ. ಎಷ್ಟೋ ಸಲ ಹಾಗೇ ಉಳಿಯುತ್ತದೆ. ಆಮೇಲೆ ವಾಲ್ವ್ ಬದಲಾಯಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ. ದುಡ್ಡೂ ಹೋಯಿತು, ಮತ್ತೆ ಸಿಗದ ಹಳೆಯ ಭಾಗಗಳೂ ಹೋದವು.

ಈ ಕಡೆ ಲೆಸ್ಲಿ ಪೆಟ್ಟಿಗೆಗಳು, ಅಂದರೆ ಆರ್ಗನ್‌ನ ಸುತ್ತುವ ಸ್ಪೀಕರ್‌ಗಳು, ಜಾಸ್ತಿ ಇಲ್ಲ. ಬಳ್ಳಾರಿಯ ನನ್ನ ಬೆಂಚಿಗೆ ಬರುವುದು ಚರ್ಚ್‌ನವರದು, ಇಲ್ಲಾ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕರು ಹೊರಗಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅವುಗಳ ಜೊತೆ ಕೂತು ನನಗೆ ಮನವರಿಕೆ ಆದದ್ದು ಇದು: ಹಮ್‌ನ ಮೂಲ ಆಂಪ್ಲಿಫೈಯರ್ ಒಳಗೆ ಇರುವುದಕ್ಕಿಂತ ಅದನ್ನು ಹೊರಗೆ ಜೋಡಿಸಿದ ರೀತಿಯಲ್ಲೇ ಜಾಸ್ತಿ ಸಿಗುತ್ತದೆ. ಅಮೆರಿಕದ ಕರೆಂಟಿಗೆ, ಅಮೆರಿಕದ ಆರ್ಗನ್‌ಗೆ ಅಂತ ಕಟ್ಟಿದ ಪೆಟ್ಟಿಗೆ ಅದು. ಅದನ್ನು ಇಲ್ಲಿನ ಪ್ಲಗ್ಗಿಗೆ, ಇಲ್ಲಿನ ಕೀಬೋರ್ಡಿಗೆ ಯಾರೋ ಹೇಗೋ ಹೊಂದಿಸಿರುತ್ತಾರೆ. ಆ ಜೋಡಣೆಯನ್ನೇ ಮೊದಲು ಓದಬೇಕು.

ಗೊತ್ತಿಲ್ಲದವರಿಗೆ ಒಂದು ಮಾತು. ಲಾರೆನ್ಸ್ ಹ್ಯಾಮಂಡ್ ಅವರ ವಿದ್ಯುತ್ ಆರ್ಗನ್ 1935ರಲ್ಲಿ ಮಾರುಕಟ್ಟೆಗೆ ಬಂತು. ಡೊನಾಲ್ಡ್ ಲೆಸ್ಲಿ ಅದಕ್ಕಾಗಿ ಸುತ್ತುವ ಸ್ಪೀಕರ್ ಮಾಡಿದರು. ಮೇಲೆ ತಿರುಗುವ ಹಾರ್ನ್, ಕೆಳಗೆ 15 ಇಂಚಿನ ವೂಫರ್, ಅದರಡಿ ತಿರುಗುವ ಡ್ರಮ್. 800 ಹರ್ಟ್ಸ್ ಆಸುಪಾಸಿನಲ್ಲಿ ಶಬ್ದ ಎರಡಾಗಿ ಹಂಚಿಕೆ ಆಗುತ್ತದೆ. ನಾನು ಇಲ್ಲಿ ಹೇಳುವುದು ಮುಖ್ಯವಾಗಿ 122 ಮತ್ತು 147 ಮಾದರಿಗಳ ಬಗ್ಗೆ. ಅದೇ ಆಂಪ್ಲಿಫೈಯರ್ ಇರುವ ಗಿಡ್ಡ ಪೆಟ್ಟಿಗೆಗಳು 142 ಮತ್ತು 145. ಎಲ್ಲದರಲ್ಲೂ ಎರಡು 6550 ಔಟ್‌ಪುಟ್ ವಾಲ್ವ್, ಸುಮಾರು 40 ವ್ಯಾಟ್, 16 ಓಮ್ ಸ್ಪೀಕರ್.

ಮೊದಲು ಜೀವದ ವಿಷಯ

ಒಳಗೆ 400 ವೋಲ್ಟ್ ಆಸುಪಾಸಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಉಳಿದಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಚಟ್ ಅನ್ನಿಸಿ ಖಾಲಿ ಮಾಡುವ ಅಭ್ಯಾಸ ಬಿಡಿ. ಕೆಲವು ಸಾವಿರ ಓಮ್‌ನ, 5 ಅಥವಾ 10 ವ್ಯಾಟ್‌ನ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ನಿಧಾನವಾಗಿ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಚಾಲೂ ಇರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿ.

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆಗೆ ನೇರ ಕರೆಂಟ್ ಕೊಡಬೇಡಿ. ನಮ್ಮ ಎಲ್ಲ ಅಂಗಡಿಯಲ್ಲೂ ಸೀರೀಸ್ ಬಲ್ಬಿನ ಬೋರ್ಡ್ ಇದ್ದೇ ಇರುತ್ತದೆ ಅಲ್ವಾ? 100 ವ್ಯಾಟ್‌ನ ಹಳೆಯ ತಂತಿ ಬಲ್ಬನ್ನು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್‌ನ (230ನ್ನು 110ಕ್ಕೆ ಇಳಿಸುವುದು) 230 ವೋಲ್ಟ್ ಕಡೆ ಸೀರೀಸ್‌ನಲ್ಲಿ ಹಾಕಿ. ಮೋಟಾರ್‌ಗಳ ಎಲ್ಲ ಪ್ಲಗ್‌ಗಳನ್ನು ಚಾಸಿಯಿಂದ (ಆಂಪ್ಲಿಫೈಯರ್ ಕೂರಿಸಿದ ಲೋಹದ ಚೌಕಟ್ಟು) ಕಿತ್ತಿಡಿ. ಬಲ್ಬ್ ಒಮ್ಮೆ ಜೋರಾಗಿ ಹತ್ತಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಇನ್ನೊಂದು ಮಾತು: ವಾಲ್ವ್ ಆಂಪ್ಲಿಫೈಯರ್ ಅನ್ನು ಸ್ಪೀಕರ್ ಇಲ್ಲದೆ ಓಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದಕ್ಕೆ ಬದಲಿ ಈ ಊರಲ್ಲಿ ಸಿಗುವುದಿಲ್ಲ. ಸ್ಪೀಕರ್ ತೆಗೆಯಬೇಕಾದರೆ ಅದರ ಜಾಗದಲ್ಲಿ 16 ಓಮ್, 50 ವ್ಯಾಟ್‌ನ ರೆಸಿಸ್ಟರ್ ಇರಲಿ.

ಹಮ್ ಅನ್ನು ಕೇಳಿ ಗುರುತಿಸುವುದು

ಹಮ್ ಎಲ್ಲಾ ಒಂದೇ ತರಹ ಇರುವುದಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಹೀಟರ್‌ನಿಂದ (ವಾಲ್ವ್ ಒಳಗೆ ಕಾಯುವ ತಂತಿ), ಕೇಬಲ್‌ನಿಂದ, ಅರ್ತ್ ಲೂಪ್‌ನಿಂದ (ಎರಡು ಕಡೆ ಅರ್ತ್ ಸೇರಿ ಆಗುವ ಸುತ್ತು) ಬರುವ ಹಮ್ 50 ಹರ್ಟ್ಸ್‌ನದು. ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಆದ ಮೇಲೆ ಫಿಲ್ಟರ್ ಸರಿಯಾಗಿ ಆಗದೆ ಉಳಿಯುವ ಹಮ್ 100 ಹರ್ಟ್ಸ್‌ನದು. ಅಮೆರಿಕದ ಸರ್ವಿಸ್ ಕಾಗದಗಳಲ್ಲಿ 60 ಮತ್ತು 120 ಅಂತ ಇರುತ್ತದೆ. ಅದನ್ನು ಇಲ್ಲಿ 50 ಮತ್ತು 100 ಅಂತ ಓದಿಕೊಳ್ಳಿ.

ಎರಡೂ ಒಂದೇ ಸ್ವರ, ಒಂದು ಸಪ್ತಕದ ಅಂತರ, ಅಷ್ಟೆ. 49 ಹರ್ಟ್ಸ್ ಮತ್ತು 98 ಹರ್ಟ್ಸ್ ಅಂದರೆ ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಬಿಳಿ 5. ಹಮ್ ಅದಕ್ಕಿಂತ ಕೂದಲೆಳೆ ಮೇಲಿರುತ್ತದೆ. ನಾಟಕದ ಕಂಪನಿಗಳಲ್ಲಿ ಪೇಟಿ ನುಡಿಸಿ ಕಿವಿ ಪಳಗಿದವರಿಗೆ ಇದು ಸುಲಭ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಪೇಟಿ ಮಾಸ್ತರರು ನಾನು ಮೀಟರ್ ಹುಡುಕುವಷ್ಟರಲ್ಲಿ, "ಬಿಳಿ ಐದು ಹಿಡದಂಗ ಐತಲ್ರೀ, ಖರ್ಜದಾಗ" ಅಂದರು. ಸರಿಯಾಗೇ ಇತ್ತು. ಅಂಥ ಕಿವಿ ಹತ್ತಿರ ಇಲ್ಲದಿದ್ದರೆ ಮೊಬೈಲಿನ ಟೋನ್ ಜನರೇಟರ್‌ನಲ್ಲಿ 50 ಮತ್ತು 100 ಹಾಕಿ, ಹೆಡ್‌ಫೋನ್‌ನಲ್ಲಿ ಕೇಳಿ ಹೋಲಿಸಿ. ಮೊಬೈಲಿನ ಸಣ್ಣ ಸ್ಪೀಕರ್‌ಗೆ 50 ಹರ್ಟ್ಸ್ ಬರುವುದಿಲ್ಲ.

ಶಬ್ದ ಪೆಟ್ಟಿಗೆಯ ಯಾವ ಭಾಗದಿಂದ ಬರುತ್ತಿದೆ ಅನ್ನುವುದೂ ಮುಖ್ಯ. ಕೆಳಗಿನ ವೂಫರ್‌ನಿಂದ ದಪ್ಪಗೆ ಬಂದರೆ ಅದು ನಿಜವಾದ ಹಮ್. ಮೇಲಿನ ಹಾರ್ನ್‌ನಿಂದ ಝರ್ರ್ ಅಂತ ತೆಳ್ಳಗೆ ಬಂದರೆ ಅದು ಬಝ್. ಅದಕ್ಕೆ ಕಾರಣ ಲೈಟ್ ಡಿಮ್ಮರ್, ಎಲ್‌ಇಡಿ ಸರಣಿ, ಅಥವಾ ಬಿಟ್ಟುಹೋದ ಶೀಲ್ಡ್. ಸ್ಪೀಕರ್ ಬದಲು ರೆಸಿಸ್ಟರ್ ಹಾಕಿದ ಮೇಲೂ ಶಬ್ದ ಇದ್ದರೆ ಅದು ಟ್ರಾನ್ಸ್‌ಫಾರ್ಮರ್ ತಗಡುಗಳ ನಡುಕ, ಇಲ್ಲಾ ಮೋಟಾರಿನದು. ಮೋಟಾರ್ ಪ್ಲಗ್ ಕಿತ್ತಾಗ ನಿಂತರೆ ಮೋಟಾರ್. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ನಮ್ಮಲ್ಲಿ ಬೇರಿಂಗ್‌ನ ಎಣ್ಣೆಯಲ್ಲಿ ಸೇರಿ ಗಟ್ಟಿಯಾಗಿರುತ್ತದೆ. ಮೋಟಾರ್ ತಿರುಗಲಾರದೆ ಗುಂಯ್ ಅನ್ನುತ್ತಾ ನಿಂತುಬಿಡುತ್ತದೆ. ಹಳೆಯ ಎಣ್ಣೆ ಒರೆಸಿ, ಹಗುರ ಮೆಷಿನ್ ಆಯಿಲ್ ಒಂದೆರಡು ಹನಿ ಹಾಕಿದರೆ ಸಾಕು.

117 ವೋಲ್ಟ್, 60 ಹರ್ಟ್ಸ್

ಈ ಪೆಟ್ಟಿಗೆ ಕಟ್ಟಿದ್ದು ಅಮೆರಿಕದ ಈ ಕರೆಂಟಿಗೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ಇಲ್ಲೇ ಆಗುತ್ತದೆ.

ಮೊದಲನೆಯದು ವೈರಿನ ಬಣ್ಣ. ನಮ್ಮ ಹಳೆಯ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಮೆರಿಕದಲ್ಲಿ ಕಪ್ಪು ಅಂದರೆ ಫೇಸ್, ಬಿಳಿ ಅಂದರೆ ನ್ಯೂಟ್ರಲ್. ಅಂದರೆ ನಮ್ಮ ಎಲೆಕ್ಟ್ರಿಷಿಯನ್ ಕಪ್ಪು ವೈರ್ ನೋಡಿ ನ್ಯೂಟ್ರಲ್‌ಗೆ ಜೋಡಿಸಿದರೆ ಆ ದಾರಿಯಲ್ಲಿರುವ ಸ್ವಿಚ್ ಮತ್ತು ಫ್ಯೂಸ್ ಎರಡೂ ನ್ಯೂಟ್ರಲ್ ಕಡೆ ಹೋಗಿ ಕೂರುತ್ತವೆ. ಸ್ವಿಚ್ ಆಫ್ ಮಾಡಿದರೂ ಒಳಗೆ ಫೇಸ್ ಜೀವಂತ. ಹಳೆಯ ಉಪಕರಣಗಳಲ್ಲಿ ಮೇನ್ಸ್‌ನಿಂದ ಚಾಸಿಗೆ ಒಂದು ಸಣ್ಣ ಕಂಡೆನ್ಸರ್ ಇರುವುದುಂಟು. ಅದು ಫೇಸ್ ಕಡೆ ಬಿದ್ದರೆ ಹಮ್ ಏರುತ್ತದೆ, ಚಾಸಿ ಮುಟ್ಟಿದರೆ ಜುಮ್ ಅನ್ನುತ್ತದೆ. ಅಂಥ ಕಂಡೆನ್ಸರ್ ಇದ್ದರೆ ಕಿತ್ತುಹಾಕಿ, ಮೂರು ಪಿನ್‌ನ ವೈರ್ ಹಾಕಿ, ಚಾಸಿಗೆ ಗಟ್ಟಿಯಾಗಿ ಅರ್ತ್ ಕೊಡಿ. ಈಗಿನ ಪವರ್ ಕಾರ್ಡ್‌ಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಒಂದೇ ಪೆಟ್ಟಿಗೆಯಲ್ಲಿ ಮೂರೂ ಪದ್ಧತಿ ಬೆರೆತದ್ದನ್ನು ನೋಡಿದ್ದೇನೆ. ಬಣ್ಣ ನಂಬಬೇಡಿ, ಮೀಟರ್ ಹಿಡಿಯಿರಿ.

ಎರಡನೆಯದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಆಟೋ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಒಂದೇ ಸುರುಳಿ. 230ರ ಒಂದು ವೈರೇ 110ರ ಕಡೆಗೂ ಹೋಗಿರುತ್ತದೆ. ನಿಮ್ಮ ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲು ಆಗಿದ್ದರೆ ಏನಾಗುತ್ತದೆ ನೋಡಿ: ಔಟ್‌ಪುಟ್‌ನ ಎರಡು ವೈರ್ ನಡುವೆ 110 ವೋಲ್ಟ್ ಸರಿಯಾಗೇ ತೋರಿಸುತ್ತದೆ. ಆದರೆ ಅರ್ತ್‌ಗೆ ಹೋಲಿಸಿದರೆ ಒಂದು ವೈರ್‌ನಲ್ಲಿ 230, ಇನ್ನೊಂದರಲ್ಲಿ 120. ಹಮ್ ಬರುವುದಿರಲಿ, ಜೀವಕ್ಕೇ ಸಂಚಕಾರ. ಎರಡು ಬೇರೆ ಬೇರೆ ಸುರುಳಿ ಇರುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೇಳಿ ತೆಗೆದುಕೊಳ್ಳಿ. ತೂಕ ಜಾಸ್ತಿ, ಬೆಲೆ ಜಾಸ್ತಿ, ಆದರೂ ಅದೇ ಬೇಕು. ಅದನ್ನು ಪೆಟ್ಟಿಗೆಯ ಒಳಗೆ ಆಂಪ್ಲಿಫೈಯರ್ ಪಕ್ಕದಲ್ಲಿ ಕೂರಿಸಬೇಡಿ. ಅದರ ಕಾಂತಕ್ಷೇತ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ತಾಗಿ 50 ಹರ್ಟ್ಸ್ ಹಮ್ ಕೊಡುತ್ತದೆ. ಹೊರಗೆ ಇಟ್ಟು, ಹಮ್ ಕೇಳುತ್ತಾ ಸ್ವಲ್ಪ ತಿರುಗಿಸಿ ನೋಡಿ. ತಿರುಗಿಸಿದಂತೆ ಹಮ್ ಬದಲಾದರೆ ಕಾರಣ ಸಿಕ್ಕಿತು.

ಮೂರನೆಯದನ್ನು ಯಾವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಸರಿ ಮಾಡಲಾರದು. ಅದು ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಾಯಿಸುವುದಿಲ್ಲ. 60ಕ್ಕೆ ಕಟ್ಟಿದ ಪವರ್ ಟ್ರಾನ್ಸ್‌ಫಾರ್ಮರ್ ಅನ್ನು 50ರಲ್ಲಿ ಓಡಿಸಿದರೆ ಅದರ ಕೋರ್ ಮೇಲೆ ಶೇಕಡಾ 20ರಷ್ಟು ಹೆಚ್ಚು ಹೊರೆ ಬೀಳುತ್ತದೆ. ಬಿಸಿ ಏರುತ್ತದೆ, ತಗಡು ಗುಂಯ್‌ಗುಡುತ್ತದೆ. ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ. ಹಾಗಂತ ವೋಲ್ಟೇಜನ್ನೂ ಅದೇ ಲೆಕ್ಕದಲ್ಲಿ 97ಕ್ಕೆ ಇಳಿಸಿದರೆ ವಾಲ್ವ್‌ನ ಹೀಟರ್‌ಗೆ 5.2 ವೋಲ್ಟ್ ಅಷ್ಟೇ ಸಿಗುತ್ತದೆ, ಅದು ಸಾಲದು. 117ರ ಬದಲು 110 ಕೊಡುವುದು ನನ್ನ ಪ್ರಕಾರ ಸರಿಯಾದ ರಾಜಿ. ಆಗ ಹೀಟರ್‌ನಲ್ಲಿ 5.9ರ ಹತ್ತಿರ ಬರುತ್ತದೆ. ಹೀಟರ್ ವೋಲ್ಟೇಜ್ 5.7ರಿಂದ 6.9ರ ಒಳಗೆ ಇದ್ದರೆ ವಾಲ್ವ್‌ಗೆ ಒಪ್ಪುತ್ತದೆ. ಗಂಗಾವತಿ, ಸಿಂಧನೂರಿನಲ್ಲಿ ರೈಸ್ ಮಿಲ್ ಇರುವ ಲೈನಿನಲ್ಲಿ ವೋಲ್ಟೇಜ್ ಏರುಪೇರಾದರೆ ಈ ಅಳತೆಯನ್ನು ಹಗಲೊಮ್ಮೆ, ರಾತ್ರಿಯೊಮ್ಮೆ ತೆಗೆದುಕೊಳ್ಳಿ.

ಮೋಟಾರ್ ವೇಗವೂ ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ. ನಿಮಿಷಕ್ಕೆ ಸುಮಾರು 400 ಸುತ್ತು ಹೊಡೆಯುವ ಹಾರ್ನ್ 330ರ ಹತ್ತಿರ ಬರುತ್ತದೆ. ಇದು ದೋಷ ಅಂತ ಮೋಟಾರ್ ಬಿಚ್ಚಬೇಡಿ. ಮೋಟಾರ್ ಪುಲ್ಲಿಯಲ್ಲಿ ಮೂರು ಮೆಟ್ಟಿಲು ಇರುತ್ತದೆ. ಬೆಲ್ಟನ್ನು ದೊಡ್ಡ ಮೆಟ್ಟಿಲಿಗೆ ಸರಿಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಆದರೆ ಜೊತೆಗೆ ಹಳೆಯ ಟೋನ್‌ವೀಲ್ ಆರ್ಗನ್ (ತಿರುಗುವ ಚಕ್ರಗಳಿಂದ ಸ್ವರ ಹುಟ್ಟುವುದು) ಇದ್ದರೆ ಕಥೆ ಬೇರೆ. ಅದರ ಮೋಟಾರ್ ಹರ್ಟ್ಸ್‌ಗೆ ತಕ್ಕಂತೆಯೇ ತಿರುಗುವುದರಿಂದ ಶ್ರುತಿಯೇ ಕೆಳಗೆ ಇಳಿಯುತ್ತದೆ. ಬಿಳಿ 6 ಒತ್ತಿದರೆ ಕಪ್ಪು 3ಕ್ಕಿಂತಲೂ ಸ್ವಲ್ಪ ಕೆಳಗಿನ ಸ್ವರ ಬರುತ್ತದೆ. ಅದಕ್ಕೆ 60 ಹರ್ಟ್ಸ್ ಕೊಡುವ ಪ್ಯೂರ್ ಸೈನ್ ಕನ್ವರ್ಟರ್ ಬೇಕೇ ಬೇಕು.

ನೋಡಲು ಒಂದೇ, ಒಳಗೆ ಬೇರೆ

122ಕ್ಕೂ 147ಕ್ಕೂ 6 ಪಿನ್‌ನ ಪ್ಲಗ್. ಕೇಬಲ್ ಸಲೀಸಾಗಿ ಕೂರುತ್ತದೆ. ಒಂದೇ ಕೀಲಿಗೆ ಎರಡು ಮನೆಯ ಬೀಗ ತೆರೆದಂತೆ ಇದು, ತೆರೆಯಿತು ಅಂತ ಒಳಗೆ ಹೋಗಬಾರದು.

122ರಲ್ಲಿ ಸಿಗ್ನಲ್ ಬ್ಯಾಲೆನ್ಸ್ಡ್. 1 ಮತ್ತು 6ನೇ ಪಿನ್‌ಗಳಲ್ಲಿ ಒಂದೇ ಧ್ವನಿ ಒಂದಕ್ಕೊಂದು ವಿರುದ್ಧವಾಗಿ ಬರುತ್ತದೆ. ಆಂಪ್ಲಿಫೈಯರ್ ಅವೆರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ಎರಡೂ ವೈರಿಗೆ ಸಮನಾಗಿ ಅಂಟಿದ ಹಮ್ ಅಲ್ಲೇ ರದ್ದಾಗುತ್ತದೆ. ವೇಗ ಬದಲಾಯಿಸುವ ಸೂಚನೆಯೂ ಇದೇ ಎರಡು ವೈರುಗಳ ಮೇಲೆ ಸಮನಾದ ಡಿಸಿಯಾಗಿ ಹೋಗುತ್ತದೆ. ಎರಡರಲ್ಲೂ ಸಮ ಇರುವುದರಿಂದ ಧ್ವನಿಗೆ ಅಡ್ಡ ಬರುವುದಿಲ್ಲ. ಇದನ್ನು ಯೋಚಿಸಿದವರ ಬುದ್ಧಿಗೆ ಕೈ ಮುಗಿಯಬೇಕು.

147ರಲ್ಲಿ ಹಾಗಲ್ಲ. ಸಿಗ್ನಲ್ ಒಂದೇ ವೈರಿನಲ್ಲಿ, ಇನ್ನೊಂದು ಗ್ರೌಂಡ್. ವೇಗದ ರಿಲೇಗೆ (ವೇಗ ಬದಲಿಸುವ ವಿದ್ಯುತ್ ಸ್ವಿಚ್) ಬೇರೆ ಪಿನ್‌ನಲ್ಲಿ ಮೇನ್ಸ್‌ನ ಎಸಿಯೇ ಬರುತ್ತದೆ. ಈಗ 147ಕ್ಕೆ ಹೊಂದಿಸಿದ ಆರ್ಗನ್‌ಗೆ 122 ಪೆಟ್ಟಿಗೆ ಸಿಕ್ಕಿಸಿದರೆ ಮೇನ್ಸ್ ಎಸಿ ಸಿಗ್ನಲ್ ದಾರಿಗೆ ಬೀಳುವ ಅಪಾಯ ಇದೆ. ಹಮ್ ಅಲ್ಲ, ಹೊಗೆ ಬರುತ್ತದೆ.

ಹೀಗಾಗಿ ಪೆಟ್ಟಿಗೆಯ ಹಿಂದಿನ ಹಲಗೆ ತೆಗೆದು, ಚಾಸಿ ಮೇಲಿನ ಮಾದರಿ ಸಂಖ್ಯೆ ಓದಿ. ಅಷ್ಟಕ್ಕೇ ನಂಬಬೇಡಿ, ಯಾರಾದರೂ ಚಾಸಿ ಬದಲಿಸಿರಬಹುದು. ಪ್ರತಿ ಪಿನ್‌ನಿಂದ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಮೀಟರ್‌ನ ಬೀಪ್‌ನಲ್ಲಿ ಹಿಂಬಾಲಿಸಿ. ಎರಡು ಸಿಗ್ನಲ್ ಪಿನ್‌ಗಳೂ 12ಎಯು7 ವಾಲ್ವ್‌ನ ಗ್ರಿಡ್ (ಸಿಗ್ನಲ್ ಒಳಗೆ ಹೋಗುವ ಕಾಲು) ಕಡೆ ಹೋದರೆ ಅದು 122ರ ಜಾತಿ. ಒಂದು ಪಿನ್ ನೇರ ರಿಲೇ ಸುರುಳಿಗೆ ಹೋದರೆ 147ರ ಜಾತಿ. ಸಿಕ್ಕಿದ್ದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೆ ಅಂಟಿಸಿ. 760ರಂಥ ಮುಂದಿನ ಮಾದರಿಗಳಲ್ಲಿ 9 ಪಿನ್ ಇರುತ್ತದೆ. ಅವನ್ನು ಇದರ ಜೊತೆ ಕಲಸಿಕೊಳ್ಳಬೇಡಿ.

ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಕೇಸು ಇದು: ಮಾಮೂಲಿ ಕೀಬೋರ್ಡಿನಿಂದ ಬಂದ ವೈರನ್ನು 122ರ ಒಂದು ಪಿನ್‌ಗೆ ಕೊಟ್ಟು, ಇನ್ನೊಂದನ್ನು ಗ್ರೌಂಡ್‌ಗೆ ಬೆಸೆದಿರುತ್ತಾರೆ. ಧ್ವನಿ ಬರುತ್ತದೆ. ಆದರೆ ಬ್ಯಾಲೆನ್ಸ್ ಹೋಯಿತು, ಹಮ್ ರದ್ದಾಗುವ ವ್ಯವಸ್ಥೆಯೇ ಹೋಯಿತು, ವೇಗದ ರಿಲೇಯೂ ಕೆಲಸ ಮಾಡುವುದಿಲ್ಲ. ಎಷ್ಟು ಕಂಡೆನ್ಸರ್ ಬದಲಿಸಿದರೂ ಈ ಹಮ್ ಹೋಗುವುದಿಲ್ಲ. ನಡುವೆ ಒಂದು ಆಡಿಯೊ ಟ್ರಾನ್ಸ್‌ಫಾರ್ಮರ್ ಬೇಕು. ಕೀಬೋರ್ಡ್ ಒಂದು ಕಡೆ, ಇನ್ನೊಂದು ಕಡೆಯ ಎರಡು ತುದಿಗಳು ಎರಡು ಸಿಗ್ನಲ್ ಪಿನ್‌ಗೆ. ಆ ಸುರುಳಿಗೆ ಸೆಂಟರ್ ಟ್ಯಾಪ್ ಇದ್ದರೆ ವೇಗದ ಡಿಸಿಯನ್ನು ಅಲ್ಲಿಂದ ಕೊಡಬಹುದು. ಇದೇ ಕೆಲಸಕ್ಕೆ ಅಂತ ಮಾಡಿದ ಪ್ರಿಆಂಪ್ ಸಿಕ್ಕರೆ ಇನ್ನೂ ಒಳ್ಳೆಯದು.

ಎರಡು ಸುಳಿವು ನೆನಪಿಡಿ. 122ರಲ್ಲಿ ವೇಗ ಬದಲಿಸಿದಾಗ ಸ್ಪೀಕರ್‌ನಲ್ಲಿ ಠಪ್ ಅಂತ ಜೋರು ಶಬ್ದ ಬಂದು, ಜೊತೆಗೆ ಹಮ್ ಕೂಡ ಇದ್ದರೆ ಬ್ಯಾಲೆನ್ಸ್ ಕೆಟ್ಟಿದೆ. ಒಂದು ಸಿಗ್ನಲ್ ವೈರ್ ತುಂಡಾಗಿರಬಹುದು, ಇಲ್ಲಾ ಇನ್‌ಪುಟ್‌ನ ಒಂದು ರೆಸಿಸ್ಟರ್ ಬೆಲೆ ಬದಲಾಗಿರಬಹುದು. 147ರಲ್ಲಿ ವೇಗದ ಸ್ವಿಚ್ ತಿರುಗಿಸಿದಾಗ ಹಮ್ ಏರಿ ಇಳಿದರೆ, ರಿಲೇಯ ಎಸಿ ವೈರ್ ಪಕ್ಕದ ಸಿಗ್ನಲ್ ವೈರಿಗೆ ಸೋಂಕುತ್ತಿದೆ. ಕೇಬಲ್ ಬಿಚ್ಚಿ ಶೀಲ್ಡ್ ನೋಡಿ.

ಈಗ ಆಂಪ್ಲಿಫೈಯರ್ ಒಳಗೆ

ಇಷ್ಟಾದ ಮೇಲೂ ಹಮ್ ಇದ್ದರೆ ಆರ್ಗನ್ ಕಡೆಯ ಸಂಬಂಧ ಕಡಿಯಿರಿ. ಮೇನ್ಸ್ ಕೂಡ ಅದೇ ಕೇಬಲ್‌ನಲ್ಲಿ ಬರುವುದರಿಂದ ಸುಮ್ನೆ ಕೇಬಲ್ ಕಿತ್ತರೆ ಆಂಪ್ಲಿಫೈಯರ್ರೇ ಆಫ್. ಒಂದು ಪರೀಕ್ಷೆಯ ಪ್ಲಗ್ ಮಾಡಿಕೊಳ್ಳಿ: ನೀವೇ ಹಿಂಬಾಲಿಸಿ ಗುರುತಿಸಿದ ಎರಡು ಪಿನ್‌ಗೆ ಮಾತ್ರ 110 ವೋಲ್ಟ್, ಸಿಗ್ನಲ್ ಪಿನ್‌ಗಳು ಗ್ರೌಂಡ್‌ಗೆ. ಹಮ್ ನಿಂತರೆ ತೊಂದರೆ ಆರ್ಗನ್, ಕೀಬೋರ್ಡ್ ಅಥವಾ ಕೇಬಲ್‌ನಲ್ಲಿ. ನಿಲ್ಲದಿದ್ದರೆ ಇಲ್ಲೇ.

100 ಹರ್ಟ್ಸ್ ಹಮ್ ಆದರೆ ಈಗ ಫಿಲ್ಟರ್ ಕಂಡೆನ್ಸರ್ ನೋಡುವ ಸರದಿ. ಆಫ್ ಮಾಡಿ, ಖಾಲಿ ಮಾಡಿ, 22 ಅಥವಾ 47 ಮೈಕ್ರೊಫ್ಯಾರಡ್‌ನ ಹೊಸ ಕಂಡೆನ್ಸರ್ ಅನ್ನು ಹಳೆಯದಕ್ಕೆ ಸಮಾಂತರವಾಗಿ ಕ್ಲಿಪ್ ಮಾಡಿ, ಪ್ಲಸ್ ಮೈನಸ್ ನೋಡಿ, ಆಮೇಲೆ ಆನ್ ಮಾಡಿ. ಹಮ್ ತಗ್ಗಿದರೆ ಬದಲಿಸಿ. ಹೊಸದು ಕನಿಷ್ಠ 450 ವೋಲ್ಟ್, ಒಳಗಿನ ಸಪ್ಲೈ ಅದರ ಹತ್ತಿರ ಇದ್ದರೆ 500. ಜೊತೆಗೆ 105 ಡಿಗ್ರಿಯದೇ ಆಗಿರಲಿ. 85 ಡಿಗ್ರಿಯದು ಮುಚ್ಚಿದ ಮರದ ಪೆಟ್ಟಿಗೆಯಲ್ಲಿ, ನಮ್ಮ ಬೇಸಿಗೆಯಲ್ಲಿ ಬಾಳುವುದಿಲ್ಲ. ಓಸಿ3 ಅನ್ನುವ ಗ್ಯಾಸ್ ವಾಲ್ವ್ ಇದ್ದರೆ ಅದರೊಳಗೆ ಬೆಳಕು ಸ್ಥಿರವಾಗಿ ಕಾಣಬೇಕು. ಮಿಣಮಿಣ ಅಂದರೆ ಸಪ್ಲೈ ಕಡೆಗೇ ಗಮನ ಕೊಡಿ.

ಕಂಡೆನ್ಸರ್ ಸರಿ ಇದ್ದೂ 100 ಹರ್ಟ್ಸ್ ಇದ್ದರೆ ಎರಡು 6550ಗಳು ಜೋಡಿಯಾಗಿ ದುಡಿಯುತ್ತಿಲ್ಲ. ಎರಡು ವಾಲ್ವ್ ಜೋಡಿಯಾಗಿ ಒಂದಕ್ಕೊಂದು ವಿರುದ್ಧ ದುಡಿಯುವ ಈ ಪುಶ್-ಪುಲ್ ಜೋಡಣೆಯಲ್ಲಿ ಸಪ್ಲೈನ ಹಮ್ ಎರಡೂ ಕಡೆಯಿಂದ ಬಂದು ರದ್ದಾಗಬೇಕು. ಒಂದು ವಾಲ್ವ್ ಸೋತರೆ ಅದು ಉಳಿದುಕೊಳ್ಳುತ್ತದೆ. ಆಫ್ ಇರುವಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಮಧ್ಯದ ವೈರಿನಿಂದ ಎರಡೂ ಪ್ಲೇಟ್‌ಗೆ ಓಮ್ ಅಳೆದು ಬರೆದಿಡಿ. ಆನ್ ಮಾಡಿ ಅದೇ ಜಾಗಗಳ ನಡುವಿನ ಡಿಸಿ ಅಳೆಯಿರಿ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಪ್ರತಿ ವಾಲ್ವ್ ಎಳೆಯುವ ಕರೆಂಟ್ ಸಿಗುತ್ತದೆ. ಎರಡರ ನಡುವೆ ತುಂಬಾ ವ್ಯತ್ಯಾಸ ಇದ್ದರೆ ವಾಲ್ವ್‌ಗಳನ್ನು ಅದಲು ಬದಲು ಮಾಡಿ ಮತ್ತೆ ಅಳೆಯಿರಿ. ವ್ಯತ್ಯಾಸ ವಾಲ್ವ್ ಜೊತೆ ಹೋದರೆ ಮ್ಯಾಚ್ ಆದ ಜೋಡಿ ತರಿಸಬೇಕು. ಅದೇ ಸಾಕೆಟ್‌ನಲ್ಲಿ ಉಳಿದರೆ ಆ ಕಡೆಯ ಕಪ್ಲಿಂಗ್ ಕಂಡೆನ್ಸರ್ (ಹಿಂದಿನ ಹಂತದ ಸಿಗ್ನಲ್ ದಾಟಿಸುವುದು) ಸೋರುತ್ತಿದೆ.

50 ಹರ್ಟ್ಸ್ ಆದರೆ ಮೊದಲು 12ಎಯು7 ಬದಲಿಸಿ ನೋಡಿ. ಇಸಿಸಿ82 ಅಂದರೂ ಅದೇ. ಹೀಟರ್‌ನಿಂದ ಕ್ಯಾಥೋಡ್‌ಗೆ ಸೋರಿಕೆ ಇರುವ ವಾಲ್ವ್ ಹೀಗೇ ಗುಂಯ್‌ಗುಡುತ್ತದೆ. ಆಮೇಲೆ ಹೀಟರ್ ಸುರುಳಿಯ ಗ್ರೌಂಡ್ ಬಿಟ್ಟುಹೋಗಿದೆಯೇ ನೋಡಿ. ಸರಿಯಾಗಿ ಹಿಡಿಯದ ಒಂದು ಸಣ್ಣ ಬೆಸುಗೆ (ಡ್ರೈ ಸೋಲ್ಡರ್) ಇದ್ದರೂ ಹಮ್ ಬರಲು ಸಾಕು.

ಇನ್ನೊಂದು, ವೂಫರ್. ಹಳೆಯದು ಹರಿದು ಯಾರೋ 8 ಓಮ್‌ನ ಪಿಎ ವೂಫರ್ ಹಾಕಿದ್ದರೆ ಲೋಡ್ ತಪ್ಪಿ ವಾಲ್ವ್ ಬಿಸಿಯಾಗುತ್ತದೆ. ಅದು ಕೆಳಗಿನ ಶಬ್ದವನ್ನು ಜಾಸ್ತಿ ಎತ್ತಿ ಹೇಳುವುದರಿಂದ ಮೊದಲು ಕೇಳದಿದ್ದ ಹಮ್ ಈಗ ಕೇಳುತ್ತದೆ. 16 ಓಮ್‌ನದೇ ಬೇಕು.

ಅರ್ತಿಂಗ್

ಅಂಗಡಿಯಲ್ಲಿ ಶಾಂತವಾಗಿದ್ದ ಪೆಟ್ಟಿಗೆ ಪೆಂಡಾಲಿನಲ್ಲಿ ಹಮ್ ಮಾಡಿದರೆ ಅದನ್ನು ಬಿಚ್ಚಬೇಡಿ. ಮಿಕ್ಸರ್ ಒಂದು ಸಾಕೆಟ್‌ನಲ್ಲಿ, ಲೆಸ್ಲಿ ಇನ್ನೊಂದರಲ್ಲಿ, ನಡುವೆ ಆಡಿಯೊ ವೈರ್. ಅರ್ತ್ ಲೂಪ್ ಆಗಲು ಇಷ್ಟೇ ಸಾಕು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಆಗಲೂ ಇದ್ದರೆ ಆಡಿಯೊ ದಾರಿಯಲ್ಲಿ 1:1 ಟ್ರಾನ್ಸ್‌ಫಾರ್ಮರ್ ಹಾಕಿ. ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ. 400 ವೋಲ್ಟ್ ಇರುವ ಪೆಟ್ಟಿಗೆಯ ಪಕ್ಕ ಮೈಕ್ ಹಿಡಿದು ಹಾಡುವವರು ನಿಂತಿರುತ್ತಾರೆ.

ಅರ್ತ್ ಗುಂಡಿಯನ್ನೂ ನೋಡಿ. ರಾಯಚೂರು, ಸಿಂಧನೂರಿನ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ತ್ ರಾಡ್‌ನಿಂದ ದೂರ ಸರಿಯುತ್ತದೆ. ಬಳ್ಳಾರಿ, ಕೊಪ್ಪಳದ ಬಂಡೆ ನೆಲದಲ್ಲಿ ರಾಡ್ ಆಳಕ್ಕೇ ಇಳಿದಿರುವುದಿಲ್ಲ. ಮಳೆಗಾಲದಲ್ಲಿ ಇಲ್ಲದ ಹಮ್ ಏಪ್ರಿಲ್‌ನಲ್ಲಿ ಶುರುವಾದರೆ ಗುಂಡಿಗೆ ನೀರು ಹಾಕಿ ಒಂದು ರಾತ್ರಿ ಬಿಟ್ಟು ಕೇಳಿ. ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎಸಿ ಅಳೆಯಿರಿ. ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತು, ಇಪ್ಪತ್ತು ತೋರಿಸಿದರೆ ಪೆಟ್ಟಿಗೆಯನ್ನು ಪ್ಲಗ್ಗಿನಿಂದ ತೆಗೆದು, ಮೊದಲು ಕಟ್ಟಡದ ವೈರಿಂಗ್ ಮಾಡುವವರನ್ನು ಕರೆಸಿ.